ಚೆಕ್ ಬೌನ್ಸ್: ನೋಟಿಸ್ ಹೀಗೆ ಕಳಿಸಿದ ಮೇಲೆ ದುಡ್ಡು ಬಂತು

ಕೈಸಾಲ ತೀರಿಸಲು ಪರಿಚಿತರೊಬ್ಬರು ಕೊಟ್ಟ ಚೆಕ್ ವಾಪಸ್ ಬಂತು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಬ್ಯಾಂಕಿನ ಮೆಮೊದಲ್ಲಿತ್ತು.

ಫೋನ್ ಮಾಡಿದರೆ ‘ಮುಂದಿನ ವಾರ’. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಮಾತ್ರ. ಚೆಕ್ ಮತ್ತೆ ಹಾಕಿದೆ, ಮತ್ತೆ ವಾಪಸ್. ಠಾಣೆಯಲ್ಲಿ ‘ಇದು ಕೋರ್ಟಿನ ವಿಷಯ’ ಅಂದರು. ಅದು ನಿಜವೇ. ಚೆಕ್ ಬೌನ್ಸ್ ಅಪರಾಧ ಎನ್ನುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ಅದರ ಕೇಸಿಗೆ, ಹಣ ಬರಬೇಕಾದವರೇ ಮ್ಯಾಜಿಸ್ಟ್ರೇಟರಿಗೆ ಲಿಖಿತ ದೂರು ಕೊಡಬೇಕು.

ಕೆಲಸ ಮಾಡಿದ್ದು ನೋಟಿಸ್. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಕಳಿಸಬೇಕು. ಚೆಕ್‌ನ ಮೂರು ತಿಂಗಳ ಅವಧಿಯೊಳಗೆ ಎರಡನೇ ಸಲ ಹಾಕಿದ್ದರೆ ಆ ಮೆಮೊದಿಂದ ಲೆಕ್ಕ ಹಿಡಿಯಬಹುದು, ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ವಕೀಲರೇ ಬರೆಯಬೇಕೆಂದಿಲ್ಲ, ಬರೆಸಿದರೆ ಒಳ್ಳೆಯದು ಅಷ್ಟೇ.

ನಾನು ಬರೆದ ಕ್ರಮ: ಸಾಲ ಯಾವುದು, ಚೆಕ್ ನಂಬರ್, ತಾರೀಖು, ಬ್ಯಾಂಕ್ ಶಾಖೆ, ಮೊತ್ತ, ಮೆಮೊದ ತಾರೀಖು ಮತ್ತು ಕಾರಣ. ಕೊನೆಗೆ ‘ಈ ನೋಟಿಸ್ ತಲುಪಿದ 15 ದಿನದೊಳಗೆ ಚೆಕ್ ಮೊತ್ತ ಪಾವತಿಸಿ’. ಇಲ್ಲಿ ಜಾಸ್ತಿ ಹುಷಾರಾಗಿರಿ. ಕೇಳುವ ಮೊತ್ತ ಚೆಕ್‌ನಲ್ಲಿರುವಷ್ಟೇ ಇರಬೇಕು. ಬಡ್ಡಿ, ಖರ್ಚು ಬೇಕಿದ್ದರೆ ಬೇರೆ ಸಾಲಿನಲ್ಲಿ ತೋರಿಸಿ. ಎಲ್ಲ ಕೂಡಿಸಿ ಒಂದೇ ಅಂಕಿ ಬರೆದರೆ ನೋಟಿಸೇ ಬಿದ್ದುಹೋಗಬಹುದು.

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಮತ್ತು ಟ್ರ್ಯಾಕಿಂಗ್ ಪುಟದ ಪ್ರಿಂಟ್ ಇಟ್ಟುಕೊಂಡೆ. ಸರಿಯಾದ ವಿಳಾಸಕ್ಕೆ ಹೋದ ನೋಟಿಸನ್ನು ಬೇಕಂತಲೇ ತೆಗೆದುಕೊಳ್ಳದಿದ್ದರೂ ತಲುಪಿದಂತೆಯೇ ಕೋರ್ಟ್ ನೋಡುತ್ತದೆ.

15 ದಿನ ತುಂಬುವ ಮೊದಲೇ ಪೂರ್ತಿ ಮೊತ್ತ ಖಾತೆಗೆ ಬಂತು. ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ, ನನ್ನ ಖಾತೆಯಿರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ ದೂರು ಹಾಕಬೇಕಿತ್ತು.