ಪಿಎಚ್‌ಸಿ ತಪಾಸಣೆ: ‘ಇದೆ’ ಅಂದರೆ ಸಾಲದು

ಮಂಡ್ಯ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಪಾಸಣೆಗೆ ಹೋಗುವಾಗ ಕೈಯಲ್ಲಿ ಎನ್‌ಕ್ಯೂಎಎಸ್ (ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟದ ಮಾನದಂಡ) ಪಟ್ಟಿ ಇರುತ್ತದೆ. ಕಣ್ಣಾರೆ ನೋಡಿ, ಸಿಬ್ಬಂದಿಯನ್ನು ಕೇಳಿ, ದಾಖಲೆ ತೆಗೆಸಿ, ರೋಗಿಗಳನ್ನು ಮಾತಾಡಿಸಿ, ಪ್ರತಿ ಅಂಶಕ್ಕೂ 0, 1 ಅಥವಾ 2 ಅಂಕ ಹಾಕುವುದು. ನಾನು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಹಾಕುತ್ತೇನೆ: ಈ ರಾತ್ರಿ ಒಬ್ಬ ರೋಗಿ ಬಂದರೆ ಇದು ಸಾಕಾಗುತ್ತದೆಯೇ?

ಕಬ್ಬಿನ ಗದ್ದೆಗಳ ಸೀಮೆಯಾದ್ದರಿಂದ ಹಾವಿನ ವಿಷದ ಔಷಧದಿಂದಲೇ ಶುರು. ಮೊದಲ ಡೋಸಿಗೇ 10 ವಯಲ್ ಬೇಕು. ನಾಲ್ಕು ಮಾತ್ರ ಇದ್ದರೆ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಅದರ ಪಕ್ಕದಲ್ಲೇ ಇರಬೇಕು, ಬೀಗ ಹಾಕಿದ ಸ್ಟೋರಿನಲ್ಲಲ್ಲ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ಹೊಸ, ಒಣಗಿದ ಗಾಜಿನ ನಳಿಕೆ ತೋರಿಸಿ ಅನ್ನುತ್ತೇನೆ. ಎಷ್ಟೋ ಕಡೆ ಪ್ಲಾಸ್ಟಿಕ್ಕಿನದು, ಇಲ್ಲವೇ ಸೋಪಿನಲ್ಲಿ ತೊಳೆದದ್ದು ಬರುತ್ತದೆ. ಎರಡರಲ್ಲೂ ಸರಿಯಿರುವ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು, ವಿಷ ಏರಿಲ್ಲದವರಿಗೂ ಔಷಧ ಹೋಗುತ್ತದೆ.

ಹೆರಿಗೆ ಕೋಣೆಯಲ್ಲಿ ಮ್ಯಾಗ್ನೀಷಿಯಂ ಸಲ್ಫೇಟ್ ಎಣಿಸಿ. 50 ಪರ್ಸೆಂಟಿನ 2 ಎಂಎಲ್ ಆಂಪೂಲಿನಲ್ಲಿರುವುದು 1 ಗ್ರಾಂ. ಫಿಟ್ಸ್ ಬಂದ ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ, ಅಂದರೆ 10 ಆಂಪೂಲ್. ಟ್ರೇಯಲ್ಲಿ ಎರಡು ಮೂರು ಇಟ್ಟು ಟಿಕ್ ಹಾಕಿರುವುದೇ ಹೆಚ್ಚು. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ಲಸಿಕೆಯ ಐಎಲ್‌ಆರ್‌ನಲ್ಲಿ (ಒಳಗೋಡೆಗೆ ಹಿಮದ ಪದರವಿರುವ ಫ್ರಿಜ್) ಅಲ್ಲ, ಬೇರೆ ಫ್ರಿಜ್ಜಿನಲ್ಲಿ.

ಐಎಲ್‌ಆರ್ ತಾಪಮಾನದ ಪುಸ್ತಕ ಬೆಳಿಗ್ಗೆ ಸಂಜೆ ಎರಡು ಹೊತ್ತು, ಭಾನುವಾರವೂ ತುಂಬಬೇಕು. ತಿಂಗಳುಪೂರ್ತಿ ಒಂದೇ ಪೆನ್ನಿನಲ್ಲಿ ‘4, 4, 4’ ಎಂದಿದ್ದು ಕರೆಂಟು ಹೋದ ನಮೂದು ಒಂದೂ ಇಲ್ಲದಿದ್ದರೆ ನಾನು ನಂಬುವುದಿಲ್ಲ. ನಮ್ಮೂರಿನ ಕರೆಂಟು ಅಷ್ಟು ಒಳ್ಳೆಯದಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತವೆ. ಬಾಸ್ಕೆಟ್ಟಿನಲ್ಲಿಡದೆ ತಳದ ಹಿಮಕ್ಕೆ ತಾಗಿಸಿಟ್ಟಿದ್ದಾರೆಯೇ ನೋಡಿ. ವಯಲ್ ಮೇಲಿನ ವಿವಿಎಂ ಎಂಬ ಬಣ್ಣ ಬದಲಾಗುವ ಗುರುತು ಬಿಸಿಯನ್ನು ಮಾತ್ರ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನಲ್ಲ.

ಆಮ್ಲಜನಕದ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ 5 ಗಂಟೆ. ಗೇಜಿನ ಮುಳ್ಳು ಅರ್ಧಕ್ಕಿದ್ದರೆ ಎರಡೂವರೆ. ಇಲ್ಲಿ ಬಾಯಿಮಾತು ಬೇಡ, ಡ್ಯೂಟಿಯಲ್ಲಿರುವ ಸಿಸ್ಟರ್ ಕೈಯಲ್ಲೇ ವಾಲ್ವ್ ತೆಗೆಸಿ. ಕೀ ಹುಡುಕಲು ಆಯಾಳನ್ನು ಕೂಗಬೇಕಾಗಿ ಬಂದರೆ, ಸಿಲಿಂಡರ್ ತುಂಬಿದ್ದರೂ ನನ್ನಿಂದ 2 ಸಿಗುವುದಿಲ್ಲ.