ಸಂಗಾತಿಗೆ ಗ್ರೀನ್ ಕಾರ್ಡ್: ವಿಳಾಸದ ಕಾಲಂ ತುಂಬುವುದು ಹೇಗೆ?

ಅಮೆರಿಕದಲ್ಲಿರುವ ನಮ್ಮವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಐ-130 ಅರ್ಜಿ ಹಾಕುತ್ತಾರೆ. ಮದುವೆ ಫೋಟೊ, ಸರ್ಟಿಫಿಕೇಟ್ ಎಲ್ಲವನ್ನೂ ಜೋಪಾನವಾಗಿ ಜೋಡಿಸುತ್ತಾರೆ. ವಿಳಾಸ ಬಂದಾಗ ಮಾತ್ರ ಆಧಾರ್ ನೋಡಿ ನಕಲು ಮಾಡಿಬಿಡುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿ.

ಮೊದಲು ಅರ್ಜಿ ಹಾಕುವವರ ವಿಳಾಸ. ಕಾಗದ ಬರುವ ವಿಳಾಸ ಬೇರೆ, ವಾಸದ ವಿಳಾಸ ಬೇರೆ. ಪಿಒ ಬಾಕ್ಸ್ ವಾಸದ ಮನೆ ಆಗುವುದಿಲ್ಲ. ಗೆಳೆಯರ ಮನೆಗೆ ಕಾಗದ ತರಿಸಿಕೊಳ್ಳುವುದಾದರೆ 'ಇನ್ ಕೇರ್ ಆಫ್' ಜಾಗದಲ್ಲಿ ಅವರ ಹೆಸರು ಹಾಕಿ.

ಮುಂದಿನದು ಕಳೆದ 5 ವರ್ಷ ವಾಸವಿದ್ದ ಜಾಗಗಳು. ನಿಮ್ಮವು ಐ-130ರಲ್ಲಿ, ಸಂಗಾತಿಯವು ಅದರ ಜೊತೆಗೇ ಹಾಕುವ, ಸಂಗಾತಿಯ ವಿವರದ ಐ-130ಎ ಫಾರಂನಲ್ಲಿ. ಈಗಿನದು ಮೊದಲು, ಆಮೇಲೆ ಹಿಂದಿನವು. ಜಾಸ್ತಿ ತಪ್ಪಾಗುವುದು ಇಲ್ಲೇ. ಹುಡುಗಿ ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸ ಮಾಡಿರುತ್ತಾಳೆ, ಅರ್ಜಿಯಲ್ಲಿ ಮಾತ್ರ ಐದೂ ವರ್ಷ ಹಾಸನದ ಅಪ್ಪನ ಮನೆ. ಅದೇ ಫಾರಂ 5 ವರ್ಷದ ಉದ್ಯೋಗವನ್ನೂ ಕೇಳುತ್ತದೆ, ಅಲ್ವಾ? ಮನೆ ಹಾಸನ, ಆಫೀಸು ಬೆಂಗಳೂರು ಎಂದಿದ್ದರೆ ಅಧಿಕಾರಿಗೆ ಅನುಮಾನ ಬರದೆ ಇರುತ್ತದೆಯೇ? 'ಪಿಜಿ ಎಲ್ಲ ಯಾಕೆ ಬರೀತೀರಿ' ಎನ್ನುವ ಏಜೆಂಟರ ಮಾತು ಕೇಳಲೇಬೇಡಿ. ಕಾಯಂ ವಿಳಾಸ ಯಾವುದು ಎಂದು ಇಲ್ಲಿ ಕೇಳುತ್ತಿಲ್ಲ. ಎಲ್ಲಿ ಇದ್ದಿರಿ ಎಂದು ಕೇಳುತ್ತಿದ್ದಾರೆ.

ಫಾರಂ ಮುಟ್ಟುವ ಮುಂಚೆ ಒಂದು ಹಾಳೆಯಲ್ಲಿ ತಿಂಗಳು, ವರ್ಷ ಹಾಕಿ ಪಟ್ಟಿ ಮಾಡಿ. ಬಾಡಿಗೆ ಕರಾರು ಇಲ್ಲದಿದ್ದರೆ ಹಳೆಯ ಆನ್‌ಲೈನ್ ಆರ್ಡರ್‌ಗಳನ್ನು ತೆರೆಯಿರಿ, ಡೆಲಿವರಿ ವಿಳಾಸ ತಾರೀಖಿನ ಸಮೇತ ಸಿಗುತ್ತದೆ. ಒಂದು ಮನೆ ಬಿಟ್ಟದ್ದಕ್ಕೂ ಇನ್ನೊಂದಕ್ಕೆ ಹೋದದ್ದಕ್ಕೂ ನಡುವೆ ತಿಂಗಳು ಖಾಲಿ ಉಳಿಯಬಾರದು. ಆ ನಡುವೆ ತವರಿನಲ್ಲಿದ್ದರೆ ಅದನ್ನೂ ಬರೆಯಿರಿ. ಮುಂದೆ ವೀಸಾಗೆ ತುಂಬುವ ಡಿಎಸ್-260 ಫಾರಂ 16ನೇ ವಯಸ್ಸಿನಿಂದ ಇದ್ದ ಜಾಗಗಳನ್ನೆಲ್ಲ ಕೇಳುತ್ತದೆ. ಹಾಗಾಗಿ ಕಾಲೇಜು ಹಾಸ್ಟೆಲನ್ನೂ ಈಗಲೇ ಪಟ್ಟಿಗೆ ಸೇರಿಸಿ, ಎರಡೂ ಕಡೆ ಅದನ್ನೇ ನೋಡಿ ತುಂಬಿ.

ಮನೆ ನಂಬರ್, ಕ್ರಾಸ್, ಮೇನ್, ಬಡಾವಣೆ ರಸ್ತೆಯ ಜಾಗಕ್ಕೆ. 'ಪ್ರಾವಿನ್ಸ್' ಎಂದಲ್ಲಿ ಕರ್ನಾಟಕ, 'ಪೋಸ್ಟಲ್ ಕೋಡ್' ಎಂದಲ್ಲಿ ಪಿನ್ ಕೋಡ್. 'ಗಣಪತಿ ದೇವಸ್ಥಾನದ ಹತ್ತಿರ' ಎಂಬುದು ಬೇಡ.

ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ವಾಸವಿದ್ದ ವಿಳಾಸವನ್ನೂ ಕೇಳುತ್ತಾರೆ. ಚೆನ್ನಾಗಿ ಕಾಣಲಿ ಎಂದು ಅಮೆರಿಕದ ಅಪಾರ್ಟ್‌ಮೆಂಟನ್ನು ಹಾಕಬೇಡಿ. ಒಟ್ಟಿಗೆ ವಾಸ ಮಾಡಿಯೇ ಇಲ್ಲವೆಂದರೆ 'ನೆವರ್ ಲಿವ್ಡ್ ಟುಗೆದರ್' ಎಂದು ಬರೆಯಿರಿ. ಹಾಗೆ ಬರೆಯಿರಿ ಎಂದು ಫಾರಂ ತಾನೇ ಹೇಳುತ್ತದೆ.

ಸಂಗಾತಿಯ ಭಾಷೆಗೆ ರೋಮನ್ ಲಿಪಿ ಇಲ್ಲದಿದ್ದರೆ ಹೆಸರು, ವಿಳಾಸವನ್ನು ಆ ಭಾಷೆಯ ಲಿಪಿಯಲ್ಲೂ ಕೊಡಬೇಕು. ಕನ್ನಡದಲ್ಲೇ ಬರೆಯಿರಿ. ಅನುವಾದದ ಆ್ಯಪ್ ಬೇಡ, ಅದು ಊರಿನ ಹೆಸರನ್ನೇ ಕೆಡಿಸುತ್ತದೆ. ಮನೆಯವರಿಂದ ಒಮ್ಮೆ ಓದಿಸಿ.

ಆಮೇಲೆ ಬರುವುದು ಸಂಗಾತಿಯ ಖರ್ಚಿನ ಜವಾಬ್ದಾರಿ ಹೊರುವ ಐ-864 ಫಾರಂ. ಇದಕ್ಕೆ ಸಹಿ ಹಾಕುವವರ ನೆಲೆ ಅಮೆರಿಕದಲ್ಲೇ ಇರಬೇಕು. ನೀವೇ ಸದ್ಯ ಬೆಂಗಳೂರಿನಲ್ಲಿದ್ದರೆ ಅಣ್ಣನ ಅಮೆರಿಕದ ವಿಳಾಸ ಕೊಟ್ಟು ಮುಗಿಸಬೇಡಿ. ಸಂಗಾತಿಗಿಂತ ಮೊದಲು ಅಥವಾ ಜೊತೆಯಲ್ಲೇ ಹೋಗಿ ಅಲ್ಲಿ ನೆಲೆಸುತ್ತೀರಿ ಎಂಬುದಕ್ಕೆ ದಾಖಲೆ ಕೊಡಿ.

ಸಂಗಾತಿ ಗ್ರೀನ್ ಕಾರ್ಡ್ ಪಡೆದ ಮೇಲೆ ನೀವು ಮನೆ ಬದಲಿಸಿದರೆ 30 ದಿನದೊಳಗೆ, ಐ-864ಕ್ಕೆ ಸಹಿ ಹಾಕಿದವರ ಹೊಸ ವಿಳಾಸ ತಿಳಿಸುವ ಐ-865 ಫಾರಂ ಕಳಿಸಬೇಕು. ಪೌರತ್ವ ಇಲ್ಲದ, ಗ್ರೀನ್ ಕಾರ್ಡ್ ಮೇಲಿರುವವರು ಯಾವಾಗ ಮನೆ ಬದಲಿಸಿದರೂ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರಂ ಕೂಡ ತುಂಬಬೇಕು.