ಜೋಮಿನ ಮಾತ್ರೆ ಜೊತೆ ಚೀನಾ ಔಷಧಿ: ನುಂಗುವ ಮುಂಚೆ

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಟೈಲರ್. ಸಕ್ಕರೆ ಕಾಯಿಲೆ ಬಂದು 14 ವರ್ಷ. ಪಾದಕ್ಕೆ ಜೋಮು ಹಿಡಿದದ್ದನ್ನು ಮೊದಲು ಕಂಡವಳು ಹೆಂಡತಿ. ಒಂದು ರಾತ್ರಿ ಕಾಲು ತೊಳೆಯುವಾಗ ನೋಡಿದರೆ ಹಿಮ್ಮಡಿಯಲ್ಲಿ ಗುಂಡುಪಿನ್ನು ನಾಟಿತ್ತು. ಅದನ್ನೇ ಇಟ್ಟುಕೊಂಡು ದಿನವಿಡೀ ಮಿಷನ್ ತುಳಿದಿದ್ದೆ.

ಡಾಕ್ಟರು ಪ್ರಿಗಾಬಾಲಿನ್ ಕೊಟ್ಟರು. ಉರಿ ತಗ್ಗಿತು, ಜೋಮು ಹೋಗಲಿಲ್ಲ. ಆ ಮಾತ್ರೆ ನೋವನ್ನು ಅಡಗಿಸುತ್ತದೆ, ನರ ರಿಪೇರಿ ಮಾಡಲ್ಲ. ಅಷ್ಟರಲ್ಲಿ ಬಟ್ಟೆ ವ್ಯಾಪಾರಕ್ಕೆ ಚೀನಾದ ಗುವಾಂಗ್‌ಝೌಗೆ ಹೋಗಿಬರುವ ಅಕ್ಕನ ಮಗ ಜೋಮಿಗೆ ಅಂತ ಅಲ್ಲಿನ ಔಷಧಿಯ ಒಂದು ಡಬ್ಬಿ ತಂದ. "ಬರೀ ಬೇರು-ನಾರು ಮಾಮ, ಏನೂ ಆಗಲ್ಲ ತಗೊಳ್ಳಿ."

ನಾಲ್ಕನೇ ದಿನ ಶರ್ಟಿನ ಬಟ್ಟೆ ಕತ್ತರಿಸುತ್ತಿದ್ದೆ. ಕೈ ನಡುಗಿ ಕತ್ತರಿ ಗೆರೆ ಬಿಟ್ಟು ಓಡಿತು. ಮೈಯೆಲ್ಲ ಬೆವರು. ಶುಗರ್ 54! ಮೂರು ಚಮಚ ಸಕ್ಕರೆ ಕಲಸಿ ಕುಡಿದೆ, ಏರಿತು. ಸಂಜೆ ಮತ್ತೆ ಇಳಿಯಿತು. ಆ ರಾತ್ರಿ ಆಸ್ಪತ್ರೆಯಲ್ಲೇ ಕಳೆದೆ. ಹುಡುಗ ವಿಡಿಯೋ ಕಾಲಿನಲ್ಲಿ ಚೀನೀ ಚೀಟಿ ಓದಿ ಹೇಳಿದ. ಕೊನೇ ಸಾಲಿನಲ್ಲಿ ಗ್ಲಿಬೆನ್‌ಕ್ಲಮೈಡ್ ಅಂತ ಇತ್ತು. ಅದು ಇಂಗ್ಲಿಷ್ ಔಷಧಿಯೇ, ಸಕ್ಕರೆ ಇಳಿಸೋದು. ನಾನು ಮೊದಲೇ ಸಕ್ಕರೆ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಿದ್ದೆ. ತಪ್ಪು ಡಬ್ಬಿಯದ್ದಲ್ಲ, ಓದದೆ ನುಂಗಿದ ನನ್ನದು.

ಚೀನಾದಲ್ಲಿ ಶಿಯಾವೋಕೆ ಅನ್ನೋ ಗುಳಿಗೆ ಹೀಗೇ ಇರುತ್ತದೆ. ಒಂದೊಂದರಲ್ಲಿ 0.25 ಮಿ.ಗ್ರಾಂ ಗ್ಲಿಬೆನ್‌ಕ್ಲಮೈಡ್. ಚಿಕ್ಕ ಗುಳಿಗೆ, ಹತ್ತು ನುಂಗಿದರೆ 2.5 ಮಿ.ಗ್ರಾಂ ಆಗುತ್ತದೆ.

ಹಾಗಾಗಿ ಮೊದಲ ಕೆಲಸ, ಡಬ್ಬಿಯ ಎಲ್ಲ ಬದಿಯ ಫೋಟೊ ತೆಗೆದು, ಭಾಷೆ ಬಲ್ಲವರಿಂದ ಸಾಲು ಸಾಲಾಗಿ ಓದಿಸಿ, ಡಾಕ್ಟರಿಗೆ ತೋರಿಸಿ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೆ ದಾನ್‌ಶೆನ್ ಬೇರು ಬೇಡ, ರಕ್ತಸ್ರಾವದ ಭಯ. ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ನಮ್ಮ ಈಶ್ವರಿ ಬಳ್ಳಿಯ ಜಾತಿಯ ಅರಿಸ್ಟೊಲೋಕಿಯ ಕಿಡ್ನಿ ಹಾಳುಮಾಡುತ್ತದೆ. ಚೀಟಿಯೇ ಇಲ್ಲದ ಪುಡಿಯಾದರೆ ಕಸದ ಬುಟ್ಟಿಗೆ ಹಾಕಿ.

ಕೈಕಾಲು ಜೋಮಿಗೆ ಅಲ್ಲಿ ಜಾಸ್ತಿ ಕೊಡೋದು ಹುವಾಂಗ್‌ಚಿ ಗುಯಿಝಿ ವುವು ಕಷಾಯ. ಹುವಾಂಗ್‌ಚಿ ಬೇರು, ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ, ಪಿಯೋನಿ ಗಿಡದ ಬೇರು, ಶುಂಠಿ, ಬಾರೆಹಣ್ಣಿನಂಥ ಒಣಹಣ್ಣು. ಸುಮಾರು 1800 ವರ್ಷದ ಹಿಂದೆ ಝಾಂಗ್ ಝೋಂಗ್‌ಜಿಂಗ್ ಅನ್ನೋ ವೈದ್ಯರು ಬರೆದಿಟ್ಟದ್ದು. ಹಳೇದು ಅಂತ ನಂಬೋಕಾಗಲ್ಲ ಅಲ್ವಾ? ಈ ನರದ ಕಾಯಿಲೆಗೆ ಚೀನೀ ಗಿಡಮೂಲಿಕೆ ಕೊಟ್ಟ ಪ್ರಯೋಗಗಳನ್ನು 2013ರಲ್ಲಿ, ಔಷಧಿ ಪ್ರಯೋಗಗಳನ್ನು ಒಟ್ಟುಮಾಡಿ ಪರಿಶೀಲಿಸುವ ಕಾಕ್ರೇನ್ ತಂಡ ಜಾಲಾಡಿತು. ಪ್ರಯೋಗಗಳೇ ಸರಿಯಾಗಿ ನಡೆದಿಲ್ಲ, ಗಟ್ಟಿ ಪುರಾವೆ ಇಲ್ಲ ಅಂದಿತು.

ಇಷ್ಟಾದರೂ ಡಾಕ್ಟರು ಒಪ್ಪಿದರೆ, ಶುರು ಮಾಡುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್, ಲಿವರ್ ಟೆಸ್ಟ್ ಮಾಡಿಸಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರು ಬಿ12 ಕೂಡ. ವರ್ಷಗಟ್ಟಲೆ ನುಂಗಿದರೆ ಬಿ12 ಇಳಿದು, ಅದರಿಂದಲೂ ಜೋಮು ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ದಿನಾ ರಾತ್ರಿ ಉರಿಗೆ ಹತ್ತಕ್ಕೆ ಎಷ್ಟು ಅಂತ ಬರೆಯುತ್ತೇನೆ, ಪಕ್ಕದಲ್ಲಿ ಶುಗರ್. ಪ್ರಿಗಾಬಾಲಿನ್ ಮಾತ್ರ ನೀವೇ ದಿಢೀರ್ ನಿಲ್ಲಿಸಬೇಡಿ, ನಿದ್ದೆ ಕೆಡುತ್ತದೆ, ಬೆವರುತ್ತದೆ.

ಮೂಲಿಕೆ ಕುದಿಸಿದ ನೀರಲ್ಲಿ ಕಾಲು ನೆನೆಸೋದು ಅಲ್ಲಿ ರೂಢಿ. ನಾನು ಬಿಟ್ಟೆ. ಜೋಮಿನ ಕಾಲಿಗೆ ಬಿಸಿ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ತಿಳಿಯೋದು. ತೊಳೆಯುವ ನೀರೂ 37 ಡಿಗ್ರಿ ದಾಟಬಾರದು. ನಮ್ಮ ಮನೆಯಲ್ಲಿ ಹೆಂಡತಿ ಮೊದಲು ಕೈ ಅದ್ದಿ ನೋಡುತ್ತಾಳೆ, ಆಮೇಲೆ ನನ್ನ ಕಾಲು.

ಅಂಗಡಿಯಲ್ಲಿ ಈಗ ಬರಿಗಾಲಲ್ಲಿ ಮಿಷನ್ ತುಳಿಯಲ್ಲ. ಬಾಗಿಲು ಹಾಕುವ ಮುಂಚೆ ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆಯುತ್ತೇನೆ. ನಿನ್ನೆ ಏಳು ಪಿನ್ನು, ಒಂದು ಮುರಿದ ಸೂಜಿ ಸಿಕ್ಕವು.